ಓದುತ್ತಾಳೆ, ಆದರೆ ತಿಳಿಯುತ್ತದೆಯೇ?

ಮಗ್ರಿಬ್ ನಮಾಝ್ ಮುಗಿದ ಬಳಿಕ ಶಾಲೆಗೆ ಹೋಗುವ ಮಕ್ಕಳಿರುವ ಮನೆಗಳಲ್ಲಿ ಕೇಳಿ ಬರುವ ಆ ದನಿ ನಿಮಗೆಲ್ಲ ಪರಿಚಿತ. ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ಮಗು ಗಟ್ಟಿಯಾಗಿ ಪಾಠ ಓದುತ್ತಿರುತ್ತದೆ. ಅಡುಗೆ ಮನೆಯಲ್ಲಿರುವ ತಾಯಿಗೆ ಆ ದನಿಯೇ ನೆಮ್ಮದಿ. ದನಿ ನಿಂತರೆ "ಯಾಕೆ ಓದು ನಿಲ್ಲಿಸಿದೆ?" ಎಂದು ಅಲ್ಲಿಂದಲೇ ಗದರುತ್ತಾಳೆ. ಮತ್ತೆ ದನಿ ಏಳುತ್ತದೆ. ಆ ದನಿಯ ಹಿಂದೆ ಅರ್ಥವೂ ಇದೆಯೇ ಎಂದು ನಾವು ಎಷ್ಟು ಸಲ ನೋಡಿದ್ದೇವೆ?

ಈ ಒಂದು ವಾಕ್ಯವನ್ನು ಓದಿ ನೋಡಿ. "ಬೆಟ್ಟದ ಮೇಲಿನ ಜಿಂಬಲವು ಪ್ರತಿದಿನ ಸಂಜೆ ಮೂರು ಟುಮರಿಗಳನ್ನು ಪಿಲಕಿಸುತ್ತಿತ್ತು." ಈಗ ಪ್ರಶ್ನೆಗಳು. ಜಿಂಬಲವು ಎಲ್ಲಿತ್ತು? ಬೆಟ್ಟದ ಮೇಲೆ. ಎಷ್ಟು ಟುಮರಿಗಳನ್ನು ಪಿಲಕಿಸುತ್ತಿತ್ತು? ಮೂರು. ಯಾವಾಗ? ಪ್ರತಿದಿನ ಸಂಜೆ. ಮೂರಕ್ಕೆ ಮೂರು ಅಂಕ ಸಿಕ್ಕಿತು. ಜಿಂಬಲವೆಂದರೆ ಪ್ರಾಣಿಯೋ ಯಂತ್ರವೋ, ಟುಮರಿಯೆಂದರೆ ತಿನ್ನುವ ವಸ್ತುವೋ ಊದುವ ವಸ್ತುವೋ ನಿಮಗೆ ಗೊತ್ತಿಲ್ಲ. ಗೊತ್ತಿರಲು ಸಾಧ್ಯವೂ ಇಲ್ಲ, ಏಕೆಂದರೆ ಅವು ನಾನು ಈಗ ತಾನೇ ಕಟ್ಟಿದ ಪದಗಳು. ಆದರೂ ನೀವು ಪಾಸು! ನಮ್ಮ ಮಕ್ಕಳಲ್ಲಿ ಅನೇಕರು 'ಪ್ರಶ್ನೋತ್ತರ' ಬರೆಯುವುದು ಹೀಗೆಯೇ. ಪ್ರಶ್ನೆಯಲ್ಲಿರುವ ಪದವನ್ನು ಪಾಠದಲ್ಲಿ ಹುಡುಕುತ್ತಾರೆ, ಅದಿರುವ ಸಾಲನ್ನು ನೋಟ್ ಪುಸ್ತಕಕ್ಕೆ ಇಳಿಸುತ್ತಾರೆ. ಟೀಚರ್ ಸರಿ ಗುರುತು ಹಾಕುತ್ತಾರೆ. ಎಲ್ಲರಿಗೂ ಸಂತೋಷ.

ಈ ಸಂತೋಷ ಹೆಚ್ಚಾಗಿ ಮೂರನೆಯ ತರಗತಿಯವರೆಗೆ ಮಾತ್ರ. ನಮ್ಮ ರಾಜ್ಯದ ಸರಕಾರಿ ಶಾಲೆಗಳಲ್ಲಿ 'ನಲಿ-ಕಲಿ' ಎಂಬ ಕ್ರಮ ಬಂದುದು ನಿಮಗೆ ಗೊತ್ತಿರಬಹುದು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಆರಂಭವಾಗಿ 2009-10ರ ಹೊತ್ತಿಗೆ ರಾಜ್ಯವಿಡೀ ಹರಡಿದ ಈ ಕ್ರಮದಲ್ಲಿ ಸಣ್ಣ ಮಕ್ಕಳು ಚಿತ್ರ, ಹಾಡು, ಕಾರ್ಡು, ಆಟಗಳ ಮೂಲಕ ಕಲಿಯುತ್ತಾರೆ. ಹೀಗೆ ಮೂರು ವರ್ಷ ಕಲಿತ ಮಗು ನಾಲ್ಕನೆಯ ತರಗತಿಗೆ ಕಾಲಿಟ್ಟಾಗ ಒಮ್ಮೆಲೇ ಉದ್ದುದ್ದ ಪಾಠಗಳ ಪುಸ್ತಕಗಳು ಎದುರಾಗುತ್ತವೆ. ಅಲ್ಲಿಯವರೆಗೆ ಮಗು ಓದಲು ಕಲಿಯುತ್ತಿತ್ತು. ಇನ್ನು ಮುಂದೆ ಓದಿ ಕಲಿಯಬೇಕು. ಅಮೆರಿಕಾದ ಶಿಕ್ಷಣ ತಜ್ಞೆ ಜೀನ್ ಚಾಲ್ ಎಂಬವರು ಬಡ ಕುಟುಂಬಗಳ ಮಕ್ಕಳನ್ನು ಗಮನಿಸಿ ಇದಕ್ಕೆ 'ನಾಲ್ಕನೆಯ ತರಗತಿಯ ಕುಸಿತ' ಎಂದು ಹೆಸರಿಟ್ಟರು. ಮೂರನೆಯ ತರಗತಿಯವರೆಗೆ ಇತರರ ಸಮಕ್ಕೆ ಓದುತ್ತಿದ್ದ ಮಕ್ಕಳು ನಾಲ್ಕರಿಂದ ಹಿಂದೆ ಬೀಳುತ್ತಾರೆ. ಮೊದಲು ಕೈ ಕೊಡುವುದು ಪುಸ್ತಕದ ಕಠಿಣ ಪದಗಳು. "ಚೆನ್ನಾಗಿ ಓದುತ್ತಿದ್ದ ಹುಡುಗಿಗೆ ಈ ವರ್ಷ ಏನಾಯಿತು?" ಎಂದು ತಾಯಂದಿರು ಚಿಂತಿಸುವುದೂ, ಟ್ಯೂಷನ್ ಹುಡುಕುವುದೂ, ಒಮ್ಮೊಮ್ಮೆ "ಅವಳಿಗೆ ವಿದ್ಯೆ ಹತ್ತುವುದಿಲ್ಲ" ಎಂಬ ತೀರ್ಮಾನಕ್ಕೆ ಬರುವುದೂ ಈ ಹಂತದಲ್ಲಿಯೇ. ಹೆಣ್ಣು ಮಗುವಾಗಿದ್ದರೆ ಆ ತೀರ್ಮಾನ ಎಷ್ಟು ಬೇಗ ಆಗಿಬಿಡುತ್ತದೆ ಎಂದು ನಾನು ಹೇಳಬೇಕಾಗಿಲ್ಲ.

ಅಕ್ಷರ ಓದುವುದರಲ್ಲಿಯೇ ನಮ್ಮ ದೇಶದ ಸ್ಥಿತಿ ಹೇಳಿಕೊಳ್ಳುವಂತಿಲ್ಲ. 'ಪ್ರಥಮ್' ಸಂಸ್ಥೆಯ ಆಶ್ರಯದಲ್ಲಿ 2005ರಿಂದ ನಡೆಯುತ್ತಾ ಬಂದಿರುವ 'ಅಸರ್' ಸಮೀಕ್ಷೆಯಲ್ಲಿ ಹಳ್ಳಿಯ ಮಕ್ಕಳಿಗೆ ಎರಡನೆಯ ತರಗತಿಯ ಮಟ್ಟದ ಒಂದು ಪುಟ್ಟ ಕಥೆಯನ್ನು ಕೊಟ್ಟು ಓದಿಸುತ್ತಾರೆ. ಅದನ್ನು ಸರಾಗವಾಗಿ ಓದಬಲ್ಲ ಐದನೆಯ ತರಗತಿಯ ಮಕ್ಕಳು 2018ರಲ್ಲಿ ನೂರಕ್ಕೆ 50.5 ಇದ್ದರು. ಕೊರೋನದಿಂದಾಗಿ ಶಾಲೆಗಳು ಮುಚ್ಚಿ ತೆರೆದ ಬಳಿಕ 2022ರಲ್ಲಿ ಅದು 42.8ಕ್ಕೆ ಇಳಿಯಿತು. 2024ರಲ್ಲಿ ಚೇತರಿಸಿಕೊಂಡು ಮತ್ತೆ ಅರ್ಧದ ಸಮೀಪಕ್ಕೆ ಬಂತು. ಗಮನಿಸಿ, ಇಲ್ಲಿ ಮುಖ್ಯವಾಗಿ ನೋಡುವುದು ಮಗು ಓದಬಲ್ಲುದೇ ಎಂಬುದನ್ನು. ಓದಿದ್ದು ಎಷ್ಟು ತಿಳಿಯಿತು ಎಂಬುದು ಅದರ ಆಚೆಗಿನ ಮಾತು.

ತಿಳಿಯುವುದನ್ನು ಅಳೆಯುವ ಅಂತಾರಾಷ್ಟ್ರೀಯ ಪರೀಕ್ಷೆಯೊಂದಿದೆ. 'ಪರ್ಲ್ಸ್' ಎಂದು ಅದರ ಹೆಸರು. 2001ರಿಂದ ಐದು ವರ್ಷಕ್ಕೊಮ್ಮೆ ಹಲವಾರು ದೇಶಗಳಲ್ಲಿ ನಾಲ್ಕನೆಯ ತರಗತಿಯ ಮಕ್ಕಳಿಗೇ ಇದನ್ನು ನಡೆಸುತ್ತಾರೆ. ನಮ್ಮ ದೇಶ ಅದರಲ್ಲಿ ಪಾಲ್ಗೊಂಡಿಲ್ಲ. ಆದರೂ ಆ ಪರೀಕ್ಷೆಯ ರಚನೆಯಿಂದ ನಾವು ಕಲಿಯಬೇಕಾದುದಿದೆ. ಅಲ್ಲಿ ಮಕ್ಕಳಿಗೆ ಓದಲು ಕೊಡುವುದರಲ್ಲಿ ಅರ್ಧ ಕಥೆ, ಇನ್ನರ್ಧ ಮಾಹಿತಿ ನೀಡುವ ಬರಹ. ಪ್ರಶ್ನೆಗಳಲ್ಲಿ 'ಬರೆದಿರುವುದನ್ನು ಹುಡುಕಿ ಹೇಳು' ಎಂಬಂತಹವು ನೂರಕ್ಕೆ ಇಪ್ಪತ್ತು ಮಾತ್ರ. ಉಳಿದ ಎಂಬತ್ತು, ಸಾಲುಗಳ ನಡುವಿನದನ್ನು ಊಹಿಸುವುದು, ಅಲ್ಲಲ್ಲಿ ಹೇಳಿದ್ದನ್ನು ಜೋಡಿಸುವುದು, ಬರೆದವರು ಹೇಳಿದ್ದು ಸರಿಯೇ ಎಂದು ತೂಗಿ ನೋಡುವುದು ಇಂತಹವು. ನಮ್ಮ ಮಕ್ಕಳ ನೋಟ್ ಪುಸ್ತಕವನ್ನು ತೆರೆದರೆ ಈ ಲೆಕ್ಕ ತಲೆಕೆಳಗಾಗಿರುತ್ತದೆ.

ಕಥೆ ಬೇರೆ, ಮಾಹಿತಿ ಬೇರೆ ಎಂದು ಅವರು ಏಕೆ ವಿಂಗಡಿಸಿದರು? ಓದು ಎಂಬುದು ಎಲ್ಲ ಕಡೆಯೂ ಒಂದೇ ಕೆಲಸವಲ್ಲ. ಒಂದು ಉದಾಹರಣೆ ನೋಡೋಣ.

"ರಾತ್ರಿ ಎಲ್ಲರ ಊಟ ಮುಗಿದ ಮೇಲೆ ಅಜ್ಜಿ ಒಂದು ಬಟ್ಟಲನ್ನು ಹೆಚ್ಚಿಗೆ ತೊಳೆದಿಟ್ಟು ಮಲಗುತ್ತಿದ್ದಳು. ಮಗ ಗಲ್ಫಿಗೆ ಹೋಗಿ ಆರು ವರ್ಷವಾಗಿತ್ತು." ಅಜ್ಜಿ ಬಟ್ಟಲನ್ನು ಏಕೆ ಹೆಚ್ಚಿಗೆ ಇಟ್ಟಳು? ಬರೆದಿಲ್ಲ. ಎರಡು ವಾಕ್ಯಗಳನ್ನು ಜೋಡಿಸಿ ಮಗು ತಾನೇ ಕಂಡುಕೊಳ್ಳಬೇಕು. ಗಲ್ಫಿನಿಂದ ಬರುವವರನ್ನು ಕಾದು ಗೊತ್ತಿರುವ ಮನೆಯ ಮಗುವಿಗೆ ಇದು ಥಟ್ಟನೆ ಹೊಳೆಯುತ್ತದೆ. ಕಥೆಯಲ್ಲಿ ಮನುಷ್ಯರಿರುತ್ತಾರೆ, ಮುಂದೇನಾಯಿತು ಎಂಬ ಕುತೂಹಲ ಇರುತ್ತದೆ. ಒಂದು ಪದ ತಿಳಿಯದಿದ್ದರೂ ಕಥೆಯೇ ಮಗುವನ್ನು ಕೈ ಹಿಡಿದು ದಾಟಿಸುತ್ತದೆ.

ಈಗ ಪರಿಸರ ಅಧ್ಯಯನದ ಪಾಠದಂತಹ ಕೆಲವು ಸಾಲು. "ಕಾಂಡ್ಲಾ ಗಿಡಗಳು ಉಪ್ಪು ನೀರಿನಲ್ಲಿಯೂ ಬೆಳೆಯುತ್ತವೆ. ಇವುಗಳ ಕೆಲವು ಬೇರುಗಳು ನೆಲದಿಂದ ಮೇಲಕ್ಕೆ ಚಾಚಿಕೊಂಡಿದ್ದು ಉಸಿರಾಟಕ್ಕೆ ನೆರವಾಗುತ್ತವೆ. ಆದ್ದರಿಂದ ಕೆಸರಿನಲ್ಲಿ ಗಾಳಿಯ ಕೊರತೆಯಿದ್ದರೂ ಅವು ಬದುಕಬಲ್ಲವು." ಇಲ್ಲಿ ಅಜ್ಜಿ ಇಲ್ಲ, ಮಗನಿಲ್ಲ. 'ಇವುಗಳ' ಎಂದರೆ ಯಾವುದರ? 'ಅವು' ಎಂದರೆ ಗಿಡಗಳೋ ಬೇರುಗಳೋ? 'ಆದ್ದರಿಂದ' ಎಂಬುದು ಯಾವುದಕ್ಕೆ ಯಾವುದು ಕಾರಣವೆಂದು ಹೇಳುತ್ತದೆ? 'ಇದ್ದರೂ' ಎಂಬ ಪುಟ್ಟ ಪದವನ್ನು ಬಿಟ್ಟು ಓದಿದರೆ ಅರ್ಥವೇ ಉಲ್ಟಾ. ಇಂತಹ ಪದಗಳನ್ನು ಯಾರೂ ಮಕ್ಕಳಿಗೆ ಬಿಡಿಸಿ ಹೇಳುವುದಿಲ್ಲ. ಎಲ್ಲರ ಗಮನವೂ 'ಕಠಿಣ ಪದಗಳ ಅರ್ಥ'ದ ಮೇಲೆ. ನನ್ನ ಅಭಿಪ್ರಾಯದಲ್ಲಿ ನಾಲ್ಕನೆಯ ತರಗತಿಯ ಮಗುವನ್ನು ಮುಗ್ಗರಿಸುವಂತೆ ಮಾಡುವುದರಲ್ಲಿ ಕಠಿಣ ಪದಗಳಷ್ಟೇ ಪಾಲು ಈ 'ಆದ್ದರಿಂದ, ಆದರೂ, ಹೊರತು, ಹಾಗಾಗಿ'ಗಳದ್ದೂ ಇದೆ.

ಗಣಿತಕ್ಕೆ ಬನ್ನಿ. "ಆಯಿಶಾಳ ಬಳಿ 12 ಬಳೆಗಳಿವೆ. ಅದು ಫಾತಿಮಾಳ ಬಳಿ ಇರುವುದಕ್ಕಿಂತ 4 ಹೆಚ್ಚು. ಫಾತಿಮಾಳ ಬಳಿ ಎಷ್ಟು ಬಳೆಗಳಿವೆ?" ಬಹಳಷ್ಟು ಮಕ್ಕಳು 16 ಎನ್ನುತ್ತಾರೆ. 'ಹೆಚ್ಚು' ಎಂದು ಕಂಡರೆ ಕೂಡಿಸು, 'ಕಡಿಮೆ' ಎಂದರೆ ಕಳೆ ಎಂದು ಅವರಿಗೆ ಅಭ್ಯಾಸವಾಗಿರುತ್ತದೆ. ಉತ್ತರ 8. ನಾವು "ಇವಳಿಗೆ ಲೆಕ್ಕ ಬರುವುದಿಲ್ಲ" ಎನ್ನುತ್ತೇವೆ. ಆದರೆ ಹನ್ನೆರಡರಿಂದ ನಾಲ್ಕು ಕಳೆಯಲು ಅವಳಿಗೆ ಬರುತ್ತದೆ! ಬಾರದಿರುವುದು ಆ ಎರಡನೆಯ ವಾಕ್ಯವನ್ನು ಓದಲು.

ಇನ್ನು ಸೂಚನೆಗಳು. ಭೇದಿಯಾದಾಗ ಕೊಡುವ ಓ.ಆರ್.ಎಸ್. ಪೊಟ್ಟಣದ ಮೇಲೆ ಎಷ್ಟು ನೀರಿಗೆ ಬೆರೆಸಬೇಕು, ಎಷ್ಟು ಗಂಟೆಯೊಳಗೆ ಬಳಸಬೇಕು ಎಂದು ಬರೆದಿರುತ್ತದೆ. ದೊಡ್ಡ ಪೊಟ್ಟಣಕ್ಕೆ ಒಂದು ಲೀಟರ್ ನೀರು, ಚಿಕ್ಕ ಪೊಟ್ಟಣಕ್ಕೆ ಅದಕ್ಕಿಂತ ಕಡಿಮೆ. ಲೀಟರಿಗೆ ಹಾಕಬೇಕಾದ ಪುಡಿಯನ್ನು ಒಂದು ಲೋಟಕ್ಕೆ ಹಾಕಿದರೆ ಉಪ್ಪಿನಂಶ ಅತಿಯಾಗಿ ಕೂಸಿಗೆ ಅಪಾಯ. ಕಥೆಯಲ್ಲಿ ಒಂದು ಸಾಲು ಹಾರಿಸಿ ಓದಿದರೆ ನಷ್ಟವಿಲ್ಲ, ಇಲ್ಲಿ ಒಂದು ಪದ ಹಾರಿಸುವಂತಿಲ್ಲ. ನಮ್ಮ ಎಷ್ಟೋ ಮನೆಗಳಲ್ಲಿ ಕನ್ನಡ ಓದಬಲ್ಲವರು ಎಂದರೆ ಶಾಲೆಗೆ ಹೋಗುವ ಆ ಮಗುವೊಂದೇ. ಅಜ್ಜಿಯ ಮಾತ್ರೆಯ ಚೀಟಿ, ರೇಷನ್ ಅಂಗಡಿಯ ನೋಟೀಸು, ಕರೆಂಟ್ ಬಿಲ್ಲು, ವಿದ್ಯಾರ್ಥಿವೇತನದ ಅರ್ಜಿ, ಬ್ಯಾಂಕಿನಿಂದ ಬಂದ ಸಂದೇಶ, ಎಲ್ಲವನ್ನೂ ಒಂಬತ್ತು ವರ್ಷದ ಹುಡುಗಿಯ ಕೈಗಿಟ್ಟು "ಏನು ಬರೆದಿದೆ ಮೋಳೇ, ಓದು" ಎನ್ನುತ್ತೇವೆ. ಅವಳು ಗಡಗಡನೆ ಓದಿ ಹೇಳುತ್ತಾಳೆ. ಅವಳಿಗೆ ತಿಳಿದಿದೆಯೆಂದು ನಾವು, ನಮಗೆ ತಿಳಿಯಿತೆಂದು ಅವಳು!

ಶಾಲೆಯ ಮೊದಲ ವರ್ಷಗಳಲ್ಲಿ ಕಥೆ, ಹಾಡುಗಳೇ ತುಂಬಿರುವುದು ನಮ್ಮಲ್ಲಿ ಮಾತ್ರವಲ್ಲ. ಅಮೆರಿಕಾದ ನೆಲ್ ಡ್ಯೂಕ್ ಎಂಬ ಸಂಶೋಧಕಿ ಅಲ್ಲಿನ 20 ಒಂದನೆಯ ತರಗತಿಗಳಲ್ಲಿ ಕುಳಿತು ನೋಡಿ 2000ದಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಮಾಹಿತಿ ನೀಡುವ ಬರಹಗಳಿಗೆ ದೊರೆಯುತ್ತಿದ್ದ ಸಮಯ ದಿನಕ್ಕೆ ಸರಾಸರಿ 3.6 ನಿಮಿಷ. ಮೂರು ವರ್ಷ ಕಥೆಯನ್ನೇ ಉಣಿಸಿ ನಾಲ್ಕನೆಯ ವರ್ಷ ಒಮ್ಮೆಲೇ ಜಲಚಕ್ರ, ಗ್ರಾಮ ಪಂಚಾಯತ್, ಆಹಾರ ಸರಪಳಿ ಎಂದು ಬಡಿಸಿದರೆ ಮಗುವಿಗೆ ಅಜೀರ್ಣವಾಗದಿರುತ್ತದೆಯೇ?

ನಿಮ್ಮ ಮಗುವಿಗೆ ತಿಳಿಯುತ್ತಿಲ್ಲ ಎಂದು ಅನ್ನಿಸಿದರೆ ಗದರುವ ಮೊದಲು ಕೊರತೆ ಎಲ್ಲಿದೆ ಎಂದು ಪತ್ತೆ ಹಚ್ಚಿ. ಅದಕ್ಕೆ ಮನೆಯಲ್ಲಿಯೇ ಮಾಡಬಹುದಾದ ಸುಲಭದ ಪರೀಕ್ಷೆಯೊಂದಿದೆ. ಮಗು ಮೊದಲು ನೋಡಿರದ ಅರ್ಧ ಪುಟವನ್ನು ಆಯ್ದುಕೊಳ್ಳಿ. ಮೊದಲು ಅವಳೇ ಓದಲಿ. ಪುಸ್ತಕ ಮುಚ್ಚಿ "ಏನಿತ್ತು ಹೇಳು" ಎನ್ನಿ. ಹೇಳಲಾಗದಿದ್ದರೆ ಅದೇ ಭಾಗವನ್ನು ನೀವು ಅಥವಾ ದೊಡ್ಡ ಮಕ್ಕಳು ನಿಧಾನವಾಗಿ ಓದಿ ಕೇಳಿಸಿ, ಮತ್ತೆ ಕೇಳಿ. ಈಗ ಹೇಳಿದಳೇ? ಹಾಗಾದರೆ ಅವಳ ಬುದ್ಧಿಯಲ್ಲಿ ಏನೂ ಕೊರತೆಯಿಲ್ಲ, ತೊಡಕು ಇರುವುದು ಅಕ್ಷರದಲ್ಲಿ. ಒಂದೊಂದೇ ಅಕ್ಷರ ಕೂಡಿಸುತ್ತಾ ವಾಕ್ಯದ ಕೊನೆಗೆ ಬರುವಷ್ಟರಲ್ಲಿ ಮೊದಲಿನದು ಮರೆತಿರುತ್ತದೆ. ಕೇಳಿಸಿದರೂ ತಿಳಿಯಲಿಲ್ಲವಾದರೆ ಅದನ್ನೇ ಮನೆಯ ಮಾತಿನಲ್ಲಿ, ಬ್ಯಾರಿಯಲ್ಲೋ ದಖ್ಖನಿ ಉರ್ದುವಿನಲ್ಲೋ ನವಾಯತಿಯಲ್ಲೋ ಹೇಳಿ ನೋಡಿ. ಈಗ ಮುಖ ಅರಳಿದರೆ ತೊಡಕು ಪುಸ್ತಕದ ಕನ್ನಡದಲ್ಲಿದೆ. ಅದಕ್ಕೂ ಅರಳದಿದ್ದರೆ ಆ ವಿಷಯವೇ ಅವಳಿಗೆ ಹೊಸತು. ಕಾಂಡ್ಲಾ ಗಿಡವನ್ನು ಅವಳು ನೋಡಿಯೇ ಇಲ್ಲ.

ಮೂರೂ ಬೇರೆ ಬೇರೆ ಕಾಯಿಲೆ. ಎಲ್ಲದಕ್ಕೂ "ಇನ್ನೂ ಹತ್ತು ಸಲ ಓದು" ಎಂಬ ಒಂದೇ ಮದ್ದು ಕೊಡುತ್ತೇವೆ.

ಅಕ್ಷರದ ತೊಡಕಿನ ಬಗ್ಗೆ ತಾಯಂದಿರು ಸ್ವಲ್ಪ ತಾಳ್ಮೆಯಿಂದಿರಬೇಕು. ಇಂಗ್ಲಿಷಿನಲ್ಲಿ 26 ಅಕ್ಷರ. ಕನ್ನಡದಲ್ಲಿ 49 ಅಕ್ಷರ, ಅವುಗಳ ಕಾಗುಣಿತ ಎಂದರೆ ನಾನ್ನೂರಕ್ಕೂ ಹೆಚ್ಚು ರೂಪಗಳು, ಮೇಲೆ ಒತ್ತಕ್ಷರ. ಕನ್ನಡ ಕಲಿಯುವ ಮಕ್ಕಳನ್ನು ಅಧ್ಯಯನ ಮಾಡಿದ ಸೋನಾಲಿ ನಾಗ್ ಅವರು 2007ರಲ್ಲಿ ತೋರಿಸಿಕೊಟ್ಟಂತೆ ಈ ಅಕ್ಷರಗಳ ಮೇಲಿನ ಹಿಡಿತ ನಾಲ್ಕನೆಯ ತರಗತಿ ಹಾಗೂ ಅದರಾಚೆಗೂ ಬೆಳೆಯುತ್ತಲೇ ಇರುತ್ತದೆ. ನಾಲ್ಕರಲ್ಲಿರುವ ಮಗು 'ದೃಷ್ಟಿ', 'ಕೃಷ್ಣ'ಗಳಲ್ಲಿ ತಡವರಿಸಿದರೆ ಅದು ದಡ್ಡತನವಲ್ಲ. ದಿನಕ್ಕೆ ಹತ್ತು ನಿಮಿಷ ಸುಲಭದ ಕಥೆಯೊಂದನ್ನು ಓದಿಸಿದರೆ ಸಾಕು. ಪಾಠ ಪುಸ್ತಕವೇ ಆಗಬೇಕಾಗಿಲ್ಲ.

ನಮ್ಮ ಮನೆಗಳಿಗೆ ಮಾತ್ರ ಸಂಬಂಧಿಸಿದ ಒಂದು ಮಾತನ್ನೂ ಇಲ್ಲಿ ಹೇಳಬೇಕು. ನಮ್ಮ ಮಕ್ಕಳು ಐದಾರನೆಯ ವಯಸ್ಸಿನಲ್ಲಿಯೇ ಮದ್ರಸಾದಲ್ಲಿ ಅರಬಿ ಅಕ್ಷರಗಳನ್ನು ಕಲಿತು ಕುರ್‌ಆನನ್ನು ಓದಲು ತೊಡಗುತ್ತಾರೆ. ಉಚ್ಚಾರ ಸ್ಪಷ್ಟವಾಗಿರಬೇಕು, ಒಂದು ಸ್ವರ ಚಿಹ್ನೆಯೂ ತಪ್ಪಬಾರದು. ಅರ್ಥ ತಿಳಿಯುವುದು ಮುಂದಿನ ಹಂತ. ಆ ಓದಿಗೆ ಅದರದೇ ಆದ ಸ್ಥಾನ ಮತ್ತು ಪುಣ್ಯವಿದೆ. ಕಣ್ಣನ್ನೂ ನಾಲಗೆಯನ್ನೂ ಅದು ಪಳಗಿಸುತ್ತದೆ ಎಂಬುದೂ ನಿಜ. ಆದರೆ ಮಗು ಅದೇ ರೂಢಿಯನ್ನು ಶಾಲೆಯ ಪುಸ್ತಕಕ್ಕೂ ಒಯ್ಯುತ್ತದೆ. ಸ್ಪಷ್ಟವಾಗಿ, ನಿಲ್ಲಿಸದೆ ಉಚ್ಚರಿಸಿದರೆ ಓದಿದಂತಾಯಿತು ಎಂದು ಅದು ಭಾವಿಸುತ್ತದೆ. ಶಾಲೆಯ ಪುಸ್ತಕ ಕೇಳುವುದು ಬೇರೆಯೇ ಓದನ್ನು, ಅಲ್ಲಿ ತಿಳಿಯದಿದ್ದರೆ ನಿಲ್ಲಬೇಕು, ಹಿಂದಕ್ಕೆ ಹೋಗಬೇಕು, ಕೇಳಬೇಕು ಎಂದು ಯಾರಾದರೂ ಮಗುವಿಗೆ ಬಾಯ್ಬಿಟ್ಟು ಹೇಳಬೇಕು. ಆ ದನಿ ನಿಂತಾಗ ಗದರುವ ತಾಯಿ ಇದನ್ನು ನೆನಪಿಡಲಿ. ಮಗು ಬಹುಶಃ ಆಗ ತಾನೇ ಯೋಚಿಸಲು ತೊಡಗಿತ್ತು.

ಇಂಗ್ಲಿಷ್ ಮಾಧ್ಯಮಕ್ಕೆ ಕಳುಹಿಸಿದವರ ಕಷ್ಟ ಇನ್ನೂ ಒಂದು ಪಟ್ಟು ಹೆಚ್ಚು. ಮನೆಯಲ್ಲಿ ಒಂದು ಮಾತು, ಬೀದಿಯಲ್ಲಿ ಇನ್ನೊಂದು, ಪುಸ್ತಕದಲ್ಲಿ ಮೂರನೆಯದು. ಮಾಧ್ಯಮದ ಚರ್ಚೆಯನ್ನು ಇಲ್ಲಿ ಎತ್ತುವುದಿಲ್ಲ. ಆದರೆ 'ಇವ್ಯಾಪರೇಷನ್' ಎಂದು ಕಂಠಪಾಠ ಮಾಡುವ ಹುಡುಗನಿಗೆ ಅಂಗಳದಲ್ಲಿ ಒಣಗುತ್ತಿರುವ ಬಟ್ಟೆಯನ್ನು ತೋರಿಸಿ ಅದು ಇದೇ ಎಂದು ಹೇಳುವವರು ಬೇಕು.

ಏಕೆಂದರೆ ತಿಳಿದಿರುವುದೇ ತಿಳಿವಿಗೆ ದಾರಿ ಮಾಡುತ್ತದೆ. 1988ರಲ್ಲಿ ಅಮೆರಿಕಾದಲ್ಲಿ ಏಳು-ಎಂಟನೆಯ ತರಗತಿಯ 64 ಮಕ್ಕಳಿಗೆ ಬೇಸ್‌ಬಾಲ್ ಪಂದ್ಯವೊಂದರ ವಿವರಣೆಯನ್ನು ಓದಲು ಕೊಟ್ಟರು. ಓದಿನಲ್ಲಿ ಹಿಂದಿದ್ದರೂ ಆಟ ಬಲ್ಲ ಮಕ್ಕಳು, ಓದಿನಲ್ಲಿ ಮುಂದಿದ್ದು ಆಟ ತಿಳಿಯದ ಮಕ್ಕಳಿಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡಿದ್ದರು. ನಮ್ಮ ಹುಡುಗರ ಕೈಗೆ ಕ್ರಿಕೆಟ್ ವರದಿ ಕೊಟ್ಟು ನೋಡಿ, ಪಾಠದಲ್ಲಿ ತಡವರಿಸುವವನೂ ಹೇಗೆ ಓದುತ್ತಾನೆ! ಹಾಗಾಗಿ ಮಗುವಿನೊಂದಿಗೆ ಮೀನು ಮಾರುಕಟ್ಟೆಗೆ ಹೋಗುವುದು, ತೋಟದಲ್ಲಿ ಅಡಿಕೆ ಸುಲಿಯುವುದನ್ನು ತೋರಿಸುವುದು, ಬಾವಿಯ ನೀರು ಬೇಸಿಗೆಯಲ್ಲಿ ಏಕೆ ಇಳಿಯುತ್ತದೆ ಎಂದು ಮಾತಾಡುವುದು, ಇವೆಲ್ಲ ಓದಿನ ತಯಾರಿಯೇ. ಇದಕ್ಕೆ ತಾಯಿಗೆ ಓದು ಬರಬೇಕೆಂದಿಲ್ಲ. ಮನೆಯ ಮಾತಿನಲ್ಲಿಯೇ ಆಗಲಿ. ಒಂದು ಭಾಷೆಯಲ್ಲಿ ತಿಳಿದದ್ದು ಇನ್ನೊಂದು ಭಾಷೆಯಲ್ಲಿ ಓದುವಾಗ ಸಹಾಯಕ್ಕೆ ಬರುತ್ತದೆ.

ಓದು ಬಾರದ ತಾಯಿಗೆ ಒಂದು ಅನುಕೂಲವೂ ಇದೆ ಎಂದರೆ ನೀವು ನಗಬಹುದು. ಆಕೆ ನಿಜವಾಗಿಯೂ ಕೇಳುತ್ತಾಳೆ. ಶರಬತ್ತಿನ ಪೊಟ್ಟಣವನ್ನು ಮಗಳ ಕೈಗಿತ್ತು "ನೀನು ಓದು, ಓದಿದ್ದನ್ನು ಮಾತ್ರ ನಾನು ಮಾಡುತ್ತೇನೆ" ಎನ್ನಲಿ. ಸಕ್ಕರೆಯ ಸಾಲನ್ನು ಮಗಳು ಬಿಟ್ಟರೆ ಸಕ್ಕರೆ ಹಾಕದೆಯೇ ಕುಡಿಸಲಿ. ಸೂಚನೆಯನ್ನು ಹೇಗೆ ಓದಬೇಕೆಂದು ಮಗಳು ಆ ಒಂದು ಲೋಟದಲ್ಲಿ ಕಲಿಯುತ್ತಾಳೆ. ಬಸ್ಸಿನ ವೇಳಾಪಟ್ಟಿಯ ಮುಂದೆ ನಿಂತು "ಅಸರ್ ನಮಾಝಿಗೆ ಮುಂಚೆ ಅಜ್ಜಿಯ ಮನೆಗೆ ತಲುಪಲು ಯಾವ ಬಸ್ಸು?" ಎಂದು ಕೇಳಲಿ. ಶಾಲೆಯಿಂದ ಚೀಟಿ ಬಂದರೆ "ಯಾರು ಬರೆದದ್ದು, ಯಾರಿಗೆ, ನಾವು ಏನು ಮಾಡಬೇಕಂತೆ, ಯಾವ ದಿನದೊಳಗೆ?" ಎಂದು ವಿಚಾರಿಸಲಿ. ಜಾಹೀರಾತನ್ನು ಓದಿದರೆ "ಇದನ್ನು ಹೇಳಿ ಅವರಿಗೇನು ಲಾಭ?" ಎನ್ನಲಿ. ಕಥೆಯಾದರೆ "ಏಕೆ?" ಎಂಬ ಒಂದು ಪ್ರಶ್ನೆ ಸಾಕು. ಉತ್ತರ ಬಂದ ಮೇಲೆ "ನಿನಗೆ ಹೇಗೆ ಗೊತ್ತಾಯಿತು?" ಎಂದು ಇನ್ನೊಂದು. ಈ ಎರಡನೆಯದನ್ನು ಕೇಳುವವರು ಬಹಳ ಕಡಿಮೆ.

ಪುಸ್ತಕಗಳಿಗೆ ಹಣವಿಲ್ಲ ಎನ್ನುವಂತಿಲ್ಲ. ಗ್ರಾಮ ಪಂಚಾಯತ್ ಗ್ರಂಥಾಲಯಗಳಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡುವ 'ಓದುವ ಬೆಳಕು' ಕಾರ್ಯಕ್ರಮ 2020ರ ನವೆಂಬರ್‌ನಲ್ಲಿ ಆರಂಭವಾಯಿತು. ಮೊಬೈಲ್ ಇದ್ದರೆ ಪ್ರಥಮ್ ಬುಕ್ಸ್‌ನ 'ಸ್ಟೋರಿವೀವರ್'ನಲ್ಲಿ ಮಟ್ಟಕ್ಕೆ ತಕ್ಕಂತೆ ವಿಂಗಡಿಸಿದ ಕನ್ನಡ ಪುಸ್ತಕಗಳನ್ನು ಹಣ ಕೊಡದೆ ಓದಬಹುದು. ಆರಿಸುವಾಗ ಎರಡು ಕಥೆಗೆ ಒಂದಾದರೂ ಹಕ್ಕಿಯ ಬಗ್ಗೆ, ಮಳೆಯ ಬಗ್ಗೆ, ರೈಲಿನ ಬಗ್ಗೆ ಇರುವ ಪುಸ್ತಕವಿರಲಿ.

ಶಾಲೆಯ ಹೊಣೆಯನ್ನು ತಾಯಂದಿರ ಹೆಗಲಿಗೆ ಹಾಕುವುದು ನನ್ನ ಉದ್ದೇಶವಲ್ಲ. ಡೊಲೊರೆಸ್ ಡರ್ಕಿನ್ ಎಂಬ ಸಂಶೋಧಕಿ 1970ರ ದಶಕದ ಕೊನೆಯಲ್ಲಿ ಅಮೆರಿಕಾದ ನಾಲ್ಕನೆಯ ತರಗತಿಗಳ ಓದಿನ ಪಾಠಗಳನ್ನು ಗಂಟೆಗಟ್ಟಲೆ ಗಮನಿಸಿದಾಗ ಅರ್ಥ ಮಾಡಿಕೊಳ್ಳುವುದನ್ನು ಕಲಿಸಲು ಮೀಸಲಾದ ಸಮಯ ನೂರರಲ್ಲಿ ಒಂದು ಪಾಲೂ ಇರಲಿಲ್ಲ. ಪ್ರಶ್ನೆ ಕೇಳುವುದು ಮಾತ್ರ ಧಾರಾಳವಾಗಿತ್ತು. ಕೇಳುವುದು ಪರೀಕ್ಷೆ, ಕಲಿಸುವುದಲ್ಲ. ನಮ್ಮ ತರಗತಿಗಳಿಗೆ ಇದು ಎಷ್ಟು ಅನ್ವಯಿಸುತ್ತದೆ ಎಂದು ನಿಮ್ಮ ಮಗುವಿನ ನೋಟ್ ಪುಸ್ತಕವೇ ಹೇಳುತ್ತದೆ.

ಸರಕಾರಿ ಶಾಲೆಯ ಎಸ್.ಡಿ.ಎಂ.ಸಿ. ಸಭೆಗೆ ಹೋಗುವ ಸಹೋದರಿಯರು ಈ ವಿಷಯವನ್ನು ಎತ್ತಬಹುದು. ಶಾಲಾ ಸಮಿತಿಯ ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯೇ ಹೇಳುತ್ತದೆ. ಅಲ್ಲಿ ಶೌಚಾಲಯ, ಬಿಸಿಯೂಟ, ಕಂಪೌಂಡಿನ ಮಾತು ಬರುತ್ತದೆ, ಬರಲೇಬೇಕು. ಅದರ ಜೊತೆಗೆ, ಪಾಠ ಪುಸ್ತಕದಲ್ಲಿಲ್ಲದ ಒಂದು ಪುಟವನ್ನು ವಾರಕ್ಕೊಮ್ಮೆ, ಒಂದು ವಾರ ಕಥೆ, ಇನ್ನೊಂದು ವಾರ ಮಾಹಿತಿ, ಮಗದೊಂದು ವಾರ ಸೂಚನೆ ಅಥವಾ ಪಟ್ಟಿ ಹೀಗೆ ಮಕ್ಕಳಿಗೆ ಕೊಟ್ಟು, ಓದಿದ್ದನ್ನು ಸ್ವಂತ ಮಾತಿನಲ್ಲಿ ಹೇಳಿಸಲು ಸಾಧ್ಯವೇ ಎಂದು ಕೇಳಿ. ಮನೆಯ ಮಾತಿನಲ್ಲಿ ಹೇಳಿದರೂ ಒಪ್ಪಿಕೊಳ್ಳುವಿರಾ ಎಂದೂ ಕೇಳಿ. ಸುಮ್ಮನೆ ಹಾಜರಿಗೆ ಸಹಿ ಹಾಕಿ ಬರಬೇಡಿ, ಇದನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಬರೆದದ್ದನ್ನು ಗಟ್ಟಿಯಾಗಿ ಓದಿಸಿ ಬನ್ನಿ.